ಹೇಡಿತನವೋ, ವ್ಯಾಧಿಯೋ?

ಜ್ವರ ಬಂದವನಿಗೆ ಕಂಬಳಿ ಹೊದಿಸುವ ನಾವು, ಮನಸ್ಸು ನೊಂದವನಿಗೆ ಮಾತ್ರ ‘ಧೈರ್ಯ ತಂದುಕೊ’ ಎಂದು ಹೇಳಿ ಸುಮ್ಮನಾಗುತ್ತೇವೆ. ಇದರಿಂದಾಗುವ ಕೇಡೆಷ್ಟೆಂಬುದನ್ನು ೧೯೧೪ರ ಮಹಾಯುದ್ಧವು ತೋರಿಸಿಕೊಟ್ಟಿತು.

ಕಂದಕಗಳಲ್ಲಿದ್ದ ಸಿಪಾಯಿಗಳಲ್ಲಿ ಅನೇಕರಿಗೆ ಮೈಮೇಲೆ ಗಾಯವಿಲ್ಲದೆಯೇ ಮಾತು ನಿಂತಿತು, ಕೈಕಾಲು ನಡುಗಿದವು, ನಿದ್ರೆ ದೂರವಾಯಿತು. ೧೯೧೫ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ಇದನ್ನು ‘ಷೆಲ್ ಷಾಕ್’ ಎಂಬ ಹೆಸರಿನಿಂದ ವರ್ಣಿಸಿದರು. ಸಿಡಿಗುಂಡಿನ ಅದುರೇ ಇದಕ್ಕೆ ಕಾರಣವೆಂದು ಮೊದಲು ಹಲವರು ಊಹಿಸಿದರು. ಆದರೆ ಗುಂಡು ಸಿಡಿದೆಡೆಯ ಸಮೀಪದಲ್ಲಿಲ್ಲದವರಲ್ಲಿಯೂ ಅವೇ ಲಕ್ಷಣಗಳು ಕಂಡವು. ಪೆಟ್ಟು ಬಿದ್ದುದು ಮನಸ್ಸಿಗೆ. ಪಲಾಯನ, ಹೇಡಿತನ ಮೊದಲಾದ ಅಪರಾಧಗಳಿಗಾಗಿ ಬ್ರಿಟಿಷ್ ಸೈನ್ಯವು ಗುಂಡಿಕ್ಕಿ ಕೊಲ್ಲಿಸಿದ ೩೦೬ ಮಂದಿಗೆ ೨೦೦೬ರಲ್ಲಿ ಕ್ಷಮಾದಾನ ದೊರೆಯಿತು. ಅವರೊಳಗೆ ಈ ವ್ಯಾಧಿಪೀಡಿತರೂ ಇದ್ದರು.

೧೯೧೬-೧೭ರಲ್ಲಿ ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಡಾಕ್ಟರ್ ರಿವರ್ಸ್ ಅವರು ಬೇರೆ ಹಾದಿ ಹಿಡಿದರು. ಭಯಂಕರವಾದ ನೆನಪನ್ನು ಅದುಮಿದಷ್ಟೂ ಅದು ಕನಸಾಗಿ ಮರುಕಳಿಸುವುದನ್ನು ಕಂಡು, ಅದನ್ನು ಮೆಲ್ಲಮೆಲ್ಲನೆ ಮಾತಿನಲ್ಲಿ ತರಲು ರೋಗಿಗಳಿಗೆ ನೆರವಾದರು. ೧೯೮೦ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಇಂತಹ ಆಘಾತದ ಪರಿಣಾಮವನ್ನು ಪ್ರತ್ಯೇಕ ವ್ಯಾಧಿಯೆಂದು ಅಂಗೀಕರಿಸಿತು. ಕ್ರಮವರಿತು ನೆನಪನ್ನು ಎದುರಿಸುವುದು ಇಂದಿಗೂ ಮುಖ್ಯ ಚಿಕಿತ್ಸೆ. ಬೇಕಾದವರಿಗೆ ಔಷಧಗಳೂ ಉಂಟು.

ಪ್ರವಾಹ, ಅಪಘಾತ, ಹಿಂಸೆಗಳಿಗೆ ಸಿಕ್ಕಿದವರಲ್ಲಿಯೂ ಈ ವ್ಯಾಧಿ ಕಾಣುವುದು. ತಿಂಗಳು ಕಳೆದರೂ ಬೆಚ್ಚುವಿಕೆ, ದುಃಸ್ವಪ್ನಗಳು ತೀರದಿದ್ದರೆ ಅವರನ್ನು ಮನೋವೈದ್ಯರಲ್ಲಿಗೆ ಕರೆದೊಯ್ಯುವುದು ಮನೆಯವರಾದ ನಮ್ಮ ಕರ್ತವ್ಯ. ಅವರು ತಾವಾಗಿ ಆಡಿದರೆ ತಡೆಯದೆ ಕೇಳೋಣ; ಆಡಿರೆಂದು ಪೀಡಿಸದಿರೋಣ.