ಹಾಡಿತ್ತವರ ಹೆಸರು: ಬೆಳ್ಳಾವೆ ನರಹರಿಶಾಸ್ತ್ರಿಗಳು

ತುಮಕೂರು ತಾಲ್ಲೂಕಿನಲ್ಲಿ, ಕೋರ ಹೋಬಳಿಗೆ ನೆರೆಯಾಗಿ, ಬೆಳ್ಳಾವಿ ಎಂಬ ಗ್ರಾಮವಿರುವುದು. ಆ ಊರನ್ನು ಹೆಸರಿನೊಡನೆ ಹೊತ್ತು ನಡೆದ ನರಹರಿಶಾಸ್ತ್ರಿಗಳು (೧೮೮೨–೧೯೬೧) ತಾವು ಕಟ್ಟಿದ ಪದಗಳನ್ನು ಪರರ ಕಂಠಕ್ಕೆ ಒಪ್ಪಿಸಿ, ತೆರೆಯ ಹಿಂದೆಯೇ ಉಳಿದವರು. ಹಾಡಿದವರ ಕೀರ್ತಿ ಊರೂರಿಗೆ ಹಬ್ಬಿತು. ಹಾಡಿತ್ತವರನ್ನು ವಿಚಾರಿಸುವವರು ವಿರಳರಾದರು. ಇದು ನಮಗೆ ನ್ಯಾಯವಾಗಿ ಕಾಣುವುದಿಲ್ಲ.

ಬೆಳ್ಳಾವಿಗೆ ಸಮೀಪದ ಗುಬ್ಬಿಯಲ್ಲಿ ೧೮೮೪ರಲ್ಲಿ ಚನ್ನಬಸವೇಶ್ವರ ನಾಟಕ ಸಂಘವು ಸ್ಥಾಪಿತವಾಯಿತು. ಶ್ರೀ ವೀರಣ್ಣನವರ (೧೮೯೧–೧೯೭೨) ಕಾಲದಲ್ಲಿ ಅದು 'ಗುಬ್ಬಿ ಕಂಪೆನಿ'ಯೆಂದು ನಾಡಿನಲ್ಲೆಲ್ಲ ಹೆಸರುವಾಸಿಯಾದುದನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಈ ಕಂಪೆನಿಗೆ 'ಕೃಷ್ಣಲೀಲೆ'ಯನ್ನು ಬರೆದುಕೊಟ್ಟವರು ಶಾಸ್ತ್ರಿಗಳು.

ಕಂಪೆನಿ ನಾಟಕಕ್ಕೆ ಪದ ಬರೆಯುವುದು ಕಾವ್ಯರಚನೆಯಂತಲ್ಲ. ಮಟ್ಟು ಅನೇಕ ವೇಳೆ ಮೊದಲೇ ಸಿದ್ಧವಾಗಿರುತ್ತಿದ್ದಿತು; ಮರಾಠಿ ಅಥವಾ ಪಾರ್ಸಿ ರಂಗಭೂಮಿಯಿಂದ ಬಂದ ಧಾಟಿಗೆ ಕನ್ನಡದ ಮಾತು ಕೂಡಬೇಕು, ಕಥೆಯೂ ಮುಂದುವರಿಯಬೇಕು. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ನಟನ ಸ್ವರವು ಹಾರ್ಮೋನಿಯಮ್ಮಿನ ಮೇಲೆದ್ದು ಹಿಂದಿನ ನೆಲದ ಸಾಲಿಗೂ ಮುಟ್ಟಬೇಕು. ಪಂಕ್ತಿಯ ಕೊನೆಗೆ ಬಿರುಸಾದ ಒತ್ತಕ್ಷರವು ಬಂದರೆ ಆಲಾಪಕ್ಕೆ ಎಡೆಯೆಲ್ಲಿ? ಪ್ರೇಕ್ಷಕರು 'ಒನ್ಸ್ ಮೋರ್' ಎಂದು ಕೂಗಿದರೆ ಮಡಿದು ಬಿದ್ದ ಪಾತ್ರಧಾರಿಯೂ ಎದ್ದು ಮತ್ತೊಮ್ಮೆ ಹಾಡಬೇಕಾಗುತ್ತಿದ್ದಿತು! ಪಂಡಿತರು ಇಂತಹ ಪದಗಳನ್ನು ಹಗುರವೆಂದು ಬದಿಗೊತ್ತಿದರು. ಒಂದೇ ಸಲ ಕೇಳಿದ ಒಕ್ಕಲಿಗನು ಮರುದಿನ ಏರು ಹೂಡಿ ಗುನುಗುವಂತಹ ಪದವನ್ನು ಬರೆಯುವುದು ಅಷ್ಟು ಹಗುರವೇ ಎಂದು ನಾವು ಕೇಳುವೆವು.

ಶಾಸ್ತ್ರಿಗಳ ಹೆಸರು ಚರಿತ್ರೆಯಲ್ಲಿ ಸ್ಥಿರವಾಗಿರುವುದು ಮತ್ತೊಂದು ಕಾರಣದಿಂದ. ಕನ್ನಡದಲ್ಲಿ ಮೊತ್ತಮೊದಲು ತೆರೆಕಂಡ ವಾಕ್ಚಿತ್ರವಾದ 'ಸತೀ ಸುಲೋಚನಾ'ಕ್ಕೆ ಸಂಭಾಷಣೆಯನ್ನೂ ಗೀತೆಗಳನ್ನೂ ರಚಿಸಿದವರು ಇವರೇ. ಚಮನ್‌ಲಾಲ್ ಡೂಂಗಾಜಿಯವರು ಬಂಡವಾಳ ಹಾಕಿದರು, ವೈ. ವಿ. ರಾಯರು ನಿರ್ದೇಶಿಸಿದರು, ಚಿತ್ರೀಕರಣವು ದೂರದ ಕೊಲ್ಹಾಪುರದಲ್ಲಿ ನಡೆಯಿತು. ಸುಬ್ಬಯ್ಯನಾಯಿಡು ಇಂದ್ರಜಿತುವಾಗಿಯೂ, ತ್ರಿಪುರಾಂಬೆಯು ಸುಲೋಚನೆಯಾಗಿಯೂ, ಆರ್. ನಾಗೇಂದ್ರರಾಯರು ರಾವಣನಾಗಿಯೂ ಅಭಿನಯಿಸಿದರು. ೧೯೩೪ರ ಮಾರ್ಚಿ ೩ರಂದು ಬೆಂಗಳೂರಿನಲ್ಲಿ ಚಿತ್ರವು ಪ್ರದರ್ಶಿತವಾದಾಗ, ತೆರೆಯ ಮೇಲಿನ ಬೊಂಬೆಯು ಕನ್ನಡದಲ್ಲಿ ಮಾತನಾಡಿ ಹಾಡುವುದನ್ನು ಜನರು ಕಿವಿಯಾರೆ ಕೇಳಿದರು. ಕನ್ನಡ ಚಿತ್ರಗೀತೆಯ ದೊಡ್ಡ ಹೊಳೆಯು ತುಮಕೂರು ಸೀಮೆಯ ಲೇಖನಿಯೊಂದರಿಂದ ಹೊರಟಿತೆಂದರೆ ಉತ್ಪ್ರೇಕ್ಷೆಯಾಗದು.

ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ತೆರೆಯ ಮೇಲೆ ಹಾಡಿದ ಸುಲೋಚನೆಯನ್ನು ನಾವು ಇನ್ನು ಕಾಣಲಾರೆವು.

ನಾಟಕದ ಪದಗಳ ಗತಿಯೂ ಬಹುಮಟ್ಟಿಗೆ ಹೀಗೆಯೇ. ನಾಟಕಶಾಲೆಯ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು ಗೆದ್ದಲಿಗೆ ಆಹಾರವಾದುವು. ಆದರೆ ಹಲವು ಮನೆಗಳಲ್ಲಿ ಹಿರಿಯ ಹೆಂಗಸರು ಕೈಯಲ್ಲಿ ಬರೆದಿಟ್ಟ ಹಾಡಿನ ಪುಸ್ತಕಗಳು ಈಗಲೂ ಪೆಟ್ಟಿಗೆಯ ತಳದಲ್ಲಿರುವುವು. ದೇವರನಾಮಗಳ ನಡುವೆ, ಆರತಿಯ ಹಾಡಿನ ಪಕ್ಕದಲ್ಲಿ, ಯಾವುದೋ ನಾಟಕದ ಪದವೊಂದು ಸೇರಿಕೊಂಡಿರುವುದು. ಅದರ ತಲೆಯ ಮೇಲೆ ರಾಗ, ತಾಳಗಳನ್ನು ತಪ್ಪದೆ ಬರೆದಿರುವರು. ಕವಿಯ ಹೆಸರನ್ನು ಮಾತ್ರ ಬರೆದಿರುವುದಿಲ್ಲ. ಅಂತಹ ಪುಸ್ತಕವುಳ್ಳವರು ಅದನ್ನು ತೂಕಕ್ಕೆ ಹಾಕದೆ, ಮನೆಯ ಅಜ್ಜಿಯಿದ್ದರೆ ಅವರ ಬಾಯಿಂದ ಒಮ್ಮೆ ಹಾಡಿಸಿ ಕೇಳಬೇಕೆಂದು ನಮ್ಮ ಬಿನ್ನಹ.