ಎಲ್ಲಮ್ಮನ ಗುಡ್ಡದ ಒಂಟಿ ತಂತಿ

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಮುನವಳ್ಳಿ ಹಾದು ಸವದತ್ತಿಗೆ ಹೋಗುವ ರಸ್ತೆ ತುಂಬ ಚಕ್ಕಡಿ, ಟ್ರ್ಯಾಕ್ಟರು, ಬಸ್ಸು. ಅಲ್ಲಿನ ಎಲ್ಲಮ್ಮನ ಗುಡ್ಡದ ಜಾತ್ರೆಗೆ ಕೊಲ್ಹಾಪುರ, ಸಾಂಗ್ಲಿ ಕಡೆಯ ಮರಾಠಿ ಭಕ್ತರೂ ಬರುತ್ತಾರೆ. ಅವರ ಹಾಡು ಮರಾಠಿ, ನಮ್ಮದು ಕನ್ನಡ. ವಾದ್ಯ ಮಾತ್ರ ಒಂದೇ: ಇಲ್ಲಿ ಚೌಡಿಕೆ, ಅಲ್ಲಿ ಚೌಂಡಕ.

ಒಂದು ಕಡೆ ಚರ್ಮ ಬಿಗಿದು, ಇನ್ನೊಂದು ಕಡೆ ಬಾಯಿ ತೆರೆದಿಟ್ಟ ಡಬ್ಬಿಯಂಥ ಒಡಲು. ಚರ್ಮದ ನಟ್ಟನಡುವೆ ಕಟ್ಟಿದ ತಂತಿ ಒಡಲೊಳಗಿಂದ ಹೊರಬಂದು ಎಡಗೈ ಹಿಡಿಗೆ ಸೇರುತ್ತದೆ. ಒಡಲನ್ನು ಕಂಕುಳಲ್ಲಿ ಅವುಚಿಕೊಂಡು, ಎಡಗೈಲಿ ಜಗ್ಗುತ್ತ, ಬಲಗೈಲಿ ಮೀಟಬೇಕು. ಜಗ್ಗಿದಷ್ಟೂ ಸ್ವರ ಏರುತ್ತದೆ, ಆದರೆ ಲೆಕ್ಕ ನೇರವಲ್ಲ. ಕೆಳಗಿನ ಸಾ ಮೇಲಿನ ಸಾ ಆಗಬೇಕಾದರೆ ತಂತಿಯ ಕಂಪನ ಎರಡು ಪಟ್ಟಾಗಬೇಕು. ಅದಕ್ಕೆ ಬಿಗಿತ ನಾಲ್ಕು ಪಟ್ಟಾಗಬೇಕು. ಶಾಲೆಯಲ್ಲಿ ನಮ್ಮನ್ನು ಕಾಡಿದ ವರ್ಗಮೂಲ, ಎಲ್ಲಮ್ಮನ ಹಾಡು ಹಾಡುತ್ತ ಇದನ್ನು ನುಡಿಸುವ ಜೋಗತಿಯರ ಮುಂಗೈಗೆ ಸಲೀಸು.

ಇದರ ನಿಜವಾದ ಸೋಜಿಗ ಚರ್ಮದಲ್ಲಿದೆ. ಸಿತಾರಿನ ತಂತಿ ಅದರ ಮೇಲುಹಲಗೆಯಾದ ತಬಲಿಯ ಮೇಲೆ ಅಡ್ಡಡ್ಡ ಹಾಯುತ್ತದೆ. ಚೌಡಿಕೆಯದು ಚರ್ಮಕ್ಕೆ ಲಂಬವಾಗಿ ನಿಂತಿರುತ್ತದೆ. ಮೀಟಿದ ತಂತಿ ಎಡಕ್ಕೆ ವಾಲಿದಾಗ ಬಿಗಿತ ಹೆಚ್ಚಿ ಚರ್ಮವನ್ನು ಎಳೆಯುತ್ತದೆ, ನಡುವಿಗೆ ಬಂದಾಗ ಸಡಿಲ, ಬಲಕ್ಕೆ ವಾಲಿದಾಗ ಮತ್ತೆ ಎಳೆತ. ತಂತಿ ಒಮ್ಮೆ ಹೋಗಿ ಬರುವುದರೊಳಗೆ ಚರ್ಮಕ್ಕೆ ಎರಡು ಎಳೆತ! ಹಾಗಾಗಿ ನಮ್ಮ ಕಿವಿಗೆ ಬೀಳುವ ಮುಖ್ಯ ಸ್ವರ ತಂತಿಯ ಕಂಪನಕ್ಕಿಂತ ಒಂದು ಸಪ್ತಕ ಮೇಲಿನದು. ಕೇಂಬ್ರಿಜ್‌ನ ಲಾರೆನ್ಸ್ ಪಿಕೆನ್ ಮತ್ತು ಸಂಗಡಿಗರು 1981ರಲ್ಲಿ ಇಂಥ ವಾದ್ಯಗಳನ್ನು 'ಆವರ್ತನ ಇಮ್ಮಡಿಸುವ ತಂತಿವಾದ್ಯ'ಗಳೆಂದು ಕರೆದರು. ಸಿ.ವಿ. ರಾಮನ್ ಇದೇ ಬಗೆಯ ಏಕತಾರಿಯ ಬಗ್ಗೆ ಬರೆದದ್ದು ಅದಕ್ಕೂ ಬಹಳ ಮುಂಚೆ, 1909ರಲ್ಲಿ. ಬಂಗಾಳದ ಬಾವುಲರ ಖಮಕ್ ಕೂಡ ಇದೇ ಬಳಗದ್ದು.

ಮೆಟ್ಟಿಲುಗಳಿಲ್ಲದ ಈ ತಂತಿಗೆ ತನ್ನದೇ ಆದ ಸ್ವರಸ್ಥಾನವಿಲ್ಲ. ಹಾಡುವವರ ಕಂಠ ಎಲ್ಲಿದೆಯೋ ಅಲ್ಲಿಗೆ ಅದೂ ಹೋಗುತ್ತದೆ, ಜಾರಿದರೆ ಜಾರುತ್ತದೆ. ಗಡಿಯ ಆಚೀಚೆ ಅದು ಸಲೀಸಾಗಿ ಒಗ್ಗಿದ್ದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ. ಪ್ಯಾರಿಸ್ಸಿನಲ್ಲಿ ರೂಪು ತಳೆದು ನಮ್ಮ ಶ್ರೀಕೃಷ್ಣ ಪಾರಿಜಾತದ ಆಟದ ಮೇಳಕ್ಕೂ ಬಂದು ಕೂತ ಪೇಟಿಯ, ಅಂದರೆ ಹಾರ್ಮೋನಿಯಂನ, ಪಾಡು ಬೇರೆ. ಅದರ ಪ್ರತಿ ಮನೆಗೂ ಒಂದೊಂದು ಸ್ವರ ಖಾಯಂ, ಎರಡರ ನಡುವೆ ಜಾರಲು ದಾರಿಯಿಲ್ಲ. ಆ ಕಾರಣಕ್ಕೇ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಚೌಡಿಕೆಯ ಮೇಲೆ ಯಾರೂ ಆ ದೂರು ಹೊರಿಸುವಂತಿಲ್ಲ.