ಸಾಕ್ಷಿಯ ಕಣ್ಣು, ಪೊಲೀಸರ ಮಾತು

ಸುಳ್ಳುಸಾಕ್ಷಿಯನ್ನು ಹೇಗೆ ಹಿಡಿಯಬೇಕೆಂದು ನ್ಯಾಯಾಲಯಗಳಿಗೆ ಗೊತ್ತು. ಪ್ರಮಾಣ ಮಾಡಿಸುತ್ತಾರೆ, ಪಾಟೀಸವಾಲಿನಲ್ಲಿ ಕೆದಕುತ್ತಾರೆ, ಹಿಂದೆ ಕೊಟ್ಟ ಹೇಳಿಕೆಯ ಜೊತೆ ಇಂದಿನ ಮಾತನ್ನು ತಾಳೆ ನೋಡುತ್ತಾರೆ. ಆದರೆ ಕಟಕಟೆಯಲ್ಲಿ ನಿಂತವರು ಪ್ರಾಮಾಣಿಕರಾಗಿದ್ದು, ‘ಅವನೇ’ ಎಂದು ಮನಸಾರೆ ನಂಬಿಯೂ ತಪ್ಪು ಹೇಳುತ್ತಿದ್ದರೆ ಏನು ಮಾಡುವುದು?

1984ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬರ ಮೇಲೆ ಅತ್ಯಾಚಾರವಾಯಿತು. ಬದುಕಿದರೆ ಇವನನ್ನು ಹಿಡಿಸಲೇಬೇಕೆಂದು ಆಕೆ ದಾಳಿಕೋರನ ಮುಖವನ್ನು ಗಮನವಿಟ್ಟು ನೋಡಿಕೊಂಡಿದ್ದರು. ಪೊಲೀಸರು ತೋರಿಸಿದ ಫೋಟೋಗಳಲ್ಲಿ ರೊನಾಲ್ಡ್ ಕಾಟನ್ ಎಂಬ ಯುವಕನನ್ನು ಆರಿಸಿದರು. ಆಮೇಲೆ ಸಾಲಾಗಿ ನಿಲ್ಲಿಸಿದವರಲ್ಲೂ ಅವನನ್ನೇ ತೋರಿಸಿದರು. ಫೋಟೋದಲ್ಲಿ ಆರಿಸಿದ್ದೂ ಇವನನ್ನೇ ಎಂದು ಪೊಲೀಸರು ಹೇಳಿದಾಗ ಆಕೆಗೆ ನಿರಾಳವಾಯಿತು. ಕಾಟನ್‌ಗೆ ಶಿಕ್ಷೆಯಾಯಿತು. 1987ರ ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನೇ ಆಕೆಯ ಮುಂದೆ ನಿಲ್ಲಿಸಿದರು. ಇವನನ್ನು ತಾನು ಕಂಡೇ ಇಲ್ಲ ಎಂದರು ಆಕೆ. 1995ರಲ್ಲಿ ಡಿಎನ್‌ಎ ಪರೀಕ್ಷೆ ಸತ್ಯವನ್ನು ಹೊರಗೆಡವಿತು. ಅಷ್ಟರಲ್ಲಿ ಕಾಟನ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಾಗಿತ್ತು.

ಇಂಥ ತಪ್ಪು ಆಗುವುದು ಹೇಗೆ ಎಂಬ ಹುಡುಕಾಟ ಇದಕ್ಕಿಂತ ಹಳೆಯದು. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಹ್ಯೂಗೊ ಮುನ್‌ಸ್ಟರ್‌ಬರ್ಗ್ 1908ರಲ್ಲೇ ಸಾಕ್ಷಿಗಳ ನೆನಪನ್ನು ಪರೀಕ್ಷೆಗೆ ಒಡ್ಡಬೇಕೆಂದು ಒಂದು ಪುಸ್ತಕ ಬರೆದರು. ಸಾಕ್ಷ್ಯಶಾಸ್ತ್ರದ ದಿಗ್ಗಜ ವಿಗ್‌ಮೋರ್ ಮರುವರ್ಷವೇ ಅದನ್ನು ಗೇಲಿ ಮಾಡಿ ಬರೆದರು. ವಿಷಯ ಹಲವು ದಶಕ ಮೂಲೆಗೆ ಬಿತ್ತು.

ಅದಕ್ಕೆ ಮತ್ತೆ ಜೀವ ಬಂದದ್ದು 1974ರಲ್ಲಿ, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಕಿರುಚಿತ್ರ ತೋರಿಸಿದರು. 50 ಮಂದಿಗೆ ‘ಕಾರುಗಳು ಅಪ್ಪಳಿಸಿದಾಗ ಎಷ್ಟು ವೇಗವಿತ್ತು?’ ಎಂದು ಕೇಳಿದರು. ಇನ್ನು 50 ಮಂದಿಗೆ ‘ಡಿಕ್ಕಿಯಾದಾಗ’ ಎಂದಷ್ಟೇ ಕೇಳಿದರು. ಉಳಿದವರಿಗೆ ವೇಗದ ಪ್ರಶ್ನೆಯೇ ಇರಲಿಲ್ಲ. ವಾರ ಬಿಟ್ಟು ಎಲ್ಲರನ್ನೂ ಕರೆದು, ಒಡೆದ ಗಾಜು ಕಂಡಿತ್ತೇ ಎಂದು ವಿಚಾರಿಸಿದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಆದರೂ ‘ಅಪ್ಪಳಿಸಿದಾಗ’ ಎಂಬ ಪ್ರಶ್ನೆ ಕೇಳಿದ್ದವರಲ್ಲಿ 16 ಮಂದಿ ಕಂಡಿತ್ತು ಎಂದರು, ‘ಡಿಕ್ಕಿಯಾದಾಗ’ ಎಂಬುದನ್ನು ಕೇಳಿದ್ದವರಲ್ಲಿ 7 ಮಂದಿ. ಘಟನೆ ಮುಗಿದ ಮೇಲೆ ಕಿವಿಗೆ ಬಿದ್ದ ಮಾತು ಕಣ್ಣಾರೆ ಕಂಡದ್ದರೊಳಗೆ ಸೇರಿಹೋಗುತ್ತದೆ ಎಂಬುದು ಅಂಕಿಗಳಲ್ಲಿ ಸಿಕ್ಕಿತು.

ನಾಲ್ಕು ವರ್ಷದ ನಂತರ ಗ್ಯಾರಿ ವೆಲ್ಸ್ ಎಂಬ ತರುಣ ಸಂಶೋಧಕ ಈ ಶೋಧವನ್ನು ಠಾಣೆಯ ಬಾಗಿಲಿಗೆ ತಂದರು. ಅಪರಾಧ ನಡೆದಾಗ ಬೆಳಕು ಎಷ್ಟಿತ್ತು, ಸಾಕ್ಷಿ ಎಷ್ಟು ದೂರದಲ್ಲಿದ್ದರು ಎಂಬುದು ಯಾರ ಕೈಯಲ್ಲೂ ಇಲ್ಲ. ಆದರೆ ಫೋಟೋಗಳನ್ನು ಹೇಗೆ ತೋರಿಸುತ್ತೇವೆ, ತೋರಿಸುವಾಗ ಏನು ಹೇಳುತ್ತೇವೆ ಎಂಬುದು ಪೂರ್ತಿ ನಮ್ಮ ಕೈಯಲ್ಲಿದೆ. ನಮ್ಮ ಕೈಯಲ್ಲಿರುವುದನ್ನು ಮೊದಲು ಅಧ್ಯಯನ ಮಾಡೋಣ ಎಂಬುದು ಅವರ ವಾದ. ಬೇರೆಲ್ಲ ವಿಧಿವಿಜ್ಞಾನ ಸಾಕ್ಷ್ಯಗಳಂತೆ ನೆನಪನ್ನೂ ಕಲುಷಿತವಾಗದಂತೆ ಕಾಪಾಡಬೇಕು ಎಂಬ ವಿಚಾರ ಇಲ್ಲಿಂದ ಬೆಳೆಯಿತು.

ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ 1998ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕತೆಯ ತಿರುಳು. ಅದರಲ್ಲಿ ಭಾಗವಹಿಸಿದವರು ಭದ್ರತಾ ಕ್ಯಾಮೆರಾದ ದೃಶ್ಯದಲ್ಲಿ ಬಂದೂಕುಧಾರಿಯೊಬ್ಬನನ್ನು ನೋಡಿದರು. ಆಮೇಲೆ ಅವರ ಮುಂದೆ ಕೆಲವು ಫೋಟೋಗಳನ್ನಿಟ್ಟು, ಅವನು ಯಾರೆಂದು ಗುರುತಿಸಲು ಹೇಳಿದರು. ಆ ಫೋಟೋಗಳಲ್ಲಿ ಬಂದೂಕುಧಾರಿ ಇರಲೇ ಇಲ್ಲ. 352 ಮಂದಿ ಯಾರನ್ನೋ ಒಬ್ಬನನ್ನು ಆರಿಸಿದರು, ಎಲ್ಲರದೂ ತಪ್ಪು. ಕೆಲವರಿಗೆ ‘ಒಳ್ಳೆಯದು, ಶಂಕಿತನನ್ನೇ ಗುರುತಿಸಿದಿರಿ’ ಎಂದರು. ಕೆಲವರಿಗೆ ಶಂಕಿತ ಬೇರೆಯವನು ಎಂದರು. ಕೆಲವರಿಗೆ ಏನೂ ಹೇಳಲಿಲ್ಲ. ಬಳಿಕ ಎಲ್ಲರಿಗೂ ಕೇಳಿದ ಪ್ರಶ್ನೆಗಳು ಒಂದೇ: ಆರಿಸುವಾಗ ನಿಮಗೆಷ್ಟು ಖಾತ್ರಿಯಿತ್ತು? ಅವನ ಮುಖ ಎಷ್ಟು ಚೆನ್ನಾಗಿ ಕಂಡಿತ್ತು? ಎಷ್ಟು ಬೇಗ ಗುರುತು ಹತ್ತಿತು?

ಮೆಚ್ಚುಗೆ ಕೇಳಿದವರ ಖಾತ್ರಿ ಏರಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. ಮುಖ ಸ್ಪಷ್ಟವಾಗಿ ಕಂಡಿತ್ತು, ಗುರುತು ತಕ್ಷಣ ಹತ್ತಿತು ಎಂದೂ ಅವರು ಹೇಳಿದರು. ಎಲ್ಲರೂ ನೋಡಿದ್ದು ಅದೇ ದೃಶ್ಯ. ಹಿಂದಿನ ಕ್ಷಣದಲ್ಲಿ ತಮಗಿದ್ದ ಅನುಮಾನವೇ ಅವರ ನೆನಪಿನಿಂದ ಅಳಿಸಿಹೋಗಿತ್ತು.

ಈ ಫಲಿತಾಂಶ ಎಷ್ಟು ಗಂಭೀರವಾದದ್ದೆಂದು ತಿಳಿಯಲು ಅಮೆರಿಕದ ಕಾನೂನನ್ನು ನೋಡಬೇಕು. ಗುರುತನ್ನು ಎಷ್ಟು ನಂಬಬಹುದು ಎಂದು ಅಳೆಯಲು ಅಲ್ಲಿನ ಸುಪ್ರೀಂ ಕೋರ್ಟ್ 1972ರಲ್ಲಿ ಐದು ಮಾನದಂಡ ಹಾಕಿತ್ತು. ಸಾಕ್ಷಿಗೆ ಎಷ್ಟು ಚೆನ್ನಾಗಿ ಕಂಡಿತ್ತು, ಎಷ್ಟು ಗಮನವಿತ್ತು, ಎಷ್ಟು ಖಾತ್ರಿಯಿದೆ ಎಂಬ ಮೂರೂ ಆ ಪಟ್ಟಿಯಲ್ಲಿದ್ದವು. ಮೂರಕ್ಕೂ ಉತ್ತರ ಕೊಡಬೇಕಾದವರು ಸಾಕ್ಷಿಯೇ. ಪೊಲೀಸರ ಒಂದೇ ಒಂದು ವಾಕ್ಯ ಆ ಉತ್ತರಗಳನ್ನು ಹಿಗ್ಗಿಸಬಲ್ಲದು ಎಂದಾಗ, ತಪ್ಪು ಗುರುತನ್ನು ಸೋಸಬೇಕಾದ ಜರಡಿಗೇ ತೂತು ಬಿದ್ದಂತಾಯಿತು. ಕಾಟನ್ ವಿರುದ್ಧ ಸಾಕ್ಷಿ ಹೇಳಿದ ಹೆಣ್ಣುಮಗಳ ದೃಢವಾದ ಮಾತಿನ ಹಿಂದೆ ಏನು ಕೆಲಸ ಮಾಡಿತ್ತೆಂಬುದೂ ಈಗ ತಿಳಿಯುತ್ತದೆ. ಆಕೆಯಲ್ಲಿ ಕಪಟವಿರಲಿಲ್ಲ.

ಪರಿಹಾರದ ದಾರಿಯೂ ಅದೇ ಸಂಶೋಧನೆಯಲ್ಲಿತ್ತು. ಯಾರೂ ಏನೂ ಹೇಳುವ ಮೊದಲೇ ಎಷ್ಟು ಖಾತ್ರಿ ಎಂದು ಕೇಳಿಸಿಕೊಂಡವರ ಮೇಲೆ ಮೆಚ್ಚುಗೆಯ ಪರಿಣಾಮ ಕಡಿಮೆಯಿತ್ತು. ಆದ್ದರಿಂದ ಸಂಶೋಧಕರು ಸರಳ ನಿಯಮಗಳನ್ನು ಮುಂದಿಟ್ಟರು. ಶಂಕಿತ ಯಾರೆಂದು ತಿಳಿಯದ ಅಧಿಕಾರಿಯೇ ಫೋಟೋ ತೋರಿಸಲಿ. ಅಪರಾಧಿ ಇವರಲ್ಲಿ ಇಲ್ಲದೆಯೂ ಇರಬಹುದು ಎಂದು ಮೊದಲೇ ತಿಳಿಸಲಿ. ಸಾಕ್ಷಿಗೆ ಎಷ್ಟು ಖಾತ್ರಿಯೆಂಬುದನ್ನು ಅಲ್ಲೇ, ಅವರದೇ ಮಾತಿನಲ್ಲಿ ಬರೆದುಕೊಳ್ಳಲಿ. ಡಿಎನ್‌ಎಯಿಂದ ನಿರ್ದೋಷಿಗಳೆಂದು ಸಾಬೀತಾದ ಮೊದಲ 40 ಪ್ರಕರಣಗಳಲ್ಲಿ 36ರಲ್ಲಿ ತಪ್ಪು ಗುರುತು ಇತ್ತೆಂಬ ಲೆಕ್ಕ 1998ರಲ್ಲಿ ಹೊರಬಿದ್ದಾಗ ಸರ್ಕಾರಗಳೂ ಎಚ್ಚೆತ್ತವು. 2001ರಲ್ಲಿ ನ್ಯೂಜೆರ್ಸಿ ರಾಜ್ಯ ಹೊಸ ಕ್ರಮವನ್ನು ಜಾರಿಗೆ ತಂದಿತು. 2011ರಲ್ಲಿ ಅದೇ ರಾಜ್ಯದ ಸುಪ್ರೀಂ ಕೋರ್ಟ್ ಹಳೆಯ ಮಾನದಂಡ ಸಾಲದು ಎಂದು ತೀರ್ಪು ಕೊಟ್ಟಿತು.

ನಮ್ಮಲ್ಲಿ ಗುರುತು ಪತ್ತೆ ಪರೇಡನ್ನು ಪೊಲೀಸರನ್ನು ದೂರವಿಟ್ಟು ಮ್ಯಾಜಿಸ್ಟ್ರೇಟ್ ಸಮ್ಮುಖದಲ್ಲಿ ನಡೆಸುವ ಒಳ್ಳೆಯ ಪದ್ಧತಿ ಹಿಂದಿನಿಂದಲೂ ಇದೆ. ಪರೇಡಿಗೆ ಮುಂಚೆಯೇ ಸಾಕ್ಷಿ ಆರೋಪಿಯನ್ನು ನೋಡಿಬಿಟ್ಟಿದ್ದರೆ ಅದಕ್ಕೆ ಬೆಲೆಯಿಲ್ಲ ಎಂಬುದೂ ನಮ್ಮ ನ್ಯಾಯಾಲಯಗಳ ನಿಲುವು. ಆದರೆ ಬಂಧನವಾದ ಗಳಿಗೆಯಲ್ಲೇ ಮುಖ ಟಿವಿಯಲ್ಲಿ, ವಾಟ್ಸಾಪಿನಲ್ಲಿ ಹರಿದಾಡಿದರೆ ಆ ಎಚ್ಚರವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಬಂಧಿತರ ಫೋಟೋವನ್ನು ದಯವಿಟ್ಟು ಹಂಚಬೇಡಿ. ನೀವೇ ಒಂದು ಘಟನೆಗೆ ಸಾಕ್ಷಿಯಾದರೆ, ಯಾರೊಂದಿಗೂ ಚರ್ಚಿಸುವ ಮೊದಲು ಕಂಡದ್ದನ್ನು ಬರೆದಿಡಿ. ಗುರುತು ಸಿಗದಿದ್ದರೆ ‘ಗೊತ್ತಾಗುತ್ತಿಲ್ಲ’ ಎಂದು ಹೇಳಲು ಹಿಂಜರಿಯಬೇಡಿ. ಅದೂ ಸಾಕ್ಷ್ಯವೇ, ನಿರಪರಾಧಿಯೊಬ್ಬನನ್ನು ಅದು ಉಳಿಸಬಹುದು.